ಸೆನ್ಸರ್ ಹೇಳಿದ್ದೆಲ್ಲ ನಿಜವಾ? ಮನೆಯ ಹವಾಮಾನ ಕೇಂದ್ರವನ್ನು ತಾಳೆ ನೋಡುವ ಬಗೆ

ಒಂದು ಇಎಸ್‌ಪಿ32 ಬೋರ್ಡು, ಒಂದು ಬಿಎಂಇ280 ಸೆನ್ಸರು, ಒಂದು ಪ್ಲಾಸ್ಟಿಕ್ ಮಳೆಮಾಪಕ, ಗಾಳಿಗೆ ತಿರುಗೋ ಮೂರು ಬಟ್ಟಲು. ಇಷ್ಟಿದ್ದರೆ ಒಂದು ಶನಿವಾರ-ಭಾನುವಾರದಲ್ಲಿ ಟೆರೇಸ್ ಮೇಲೆ ಹವಾಮಾನ ಕೇಂದ್ರ ಎದ್ದು ನಿಲ್ಲುತ್ತೆ. ಸೋಮವಾರ ಬೆಳಿಗ್ಗೆ ಕ್ಲಾಸಿನ ಕೊನೇ ಬೆಂಚಲ್ಲಿ ಕೂತು ಫೋನಿನಲ್ಲಿ ಗ್ರಾಫ್ ನೋಡಬಹುದು. ಹೆಚ್ಚಿನ ಪ್ರಾಜೆಕ್ಟುಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ಅಸಲಿ ಕೆಲಸ ಶುರುವಾಗೋದೇ ಇಲ್ಲಿಂದ.

ಯಾಕಂದ್ರೆ ಸೆನ್ಸರಿಗೆ ಸಂಕೋಚ ಅನ್ನೋದಿಲ್ಲ. ಸರಿಯಾದ ಅಂಕಿಯನ್ನು ಎಷ್ಟು ಧೈರ್ಯವಾಗಿ ಹೇಳುತ್ತೋ ತಪ್ಪು ಅಂಕಿಯನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತೆ, ಅದೂ ಎರಡು ದಶಮಾಂಶ ಸ್ಥಾನದವರೆಗೆ. ಪರದೆ ಮೇಲೆ 31.47 ಡಿಗ್ರಿ ಅಂತ ಬಂದರೆ ನಾವು ನಂಬಿಬಿಡ್ತೀವಿ. ಆ .47ಕ್ಕೆ ಬೆಲೆ ಇದೆಯಾ ಅಂತ ಕೇಳೋದನ್ನು ಮರೀತೀವಿ. ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು. ನಮ್ಮ ಸೆನ್ಸರಿಗೆ ಮುದ್ರೆ ಹಾಕೋರು ಯಾರು? ನಾವೇ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿಕೊಂಡು ಬಂದ ನಮಗೆ ಕ್ಯಾಲಿಬ್ರೇಶನ್ ಅನ್ನೋದು ಲ್ಯಾಬ್ ಮ್ಯಾನ್ಯುವಲ್ಲಿನ ಪದ. ಕನ್ನಡದಲ್ಲಿ ಅದಕ್ಕೆ ಇನ್ನೂ ಸಲೀಸಾದ ಮಾತಿದೆ: ತಾಳೆ ನೋಡೋದು. ನಮಗೆ ಗೊತ್ತಿರೋ, ನಂಬಿಕೆ ಇರೋ ಒಂದು ಅಳತೆಯ ಜೊತೆ ನಮ್ಮ ಸೆನ್ಸರಿನ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡೋದು, ಅಷ್ಟೇ. ಇದಕ್ಕೆ ದುಬಾರಿ ಉಪಕರಣ ಬೇಕು ಅಂತೇನಿಲ್ಲ. ಐಸು, ಉಪ್ಪು, ಅಡುಗೆಮನೆ ತಕ್ಕಡಿ, ಮೆಡಿಕಲ್ ಶಾಪಿನ ಡ್ರಿಪ್ ಸೆಟ್ಟು, ಹತ್ತಿರದ ವಿಮಾನ ನಿಲ್ದಾಣ – ಇವೇ ನಮ್ಮ ಸಾಕ್ಷಿಗಳು. ಪ್ರತಿ ಸೆನ್ಸರಿಗೂ ಒಂದೊಂದು ಸಾಕ್ಷಿ.

ಇಷ್ಟೆಲ್ಲ ಯಾಕೆ?

ನಮ್ಮ ನಾಲ್ವರ ಟೀಮು ಎರಡು ಕೇಂದ್ರಗಳನ್ನು ನೋಡಿಕೊಳ್ಳುತ್ತೆ. ಒಂದು ಬೆಂಗಳೂರಿನ ಮನೆಯೊಂದರ ಟೆರೇಸ್ ಮೇಲೆ, ಇನ್ನೊಂದು ಸಕಲೇಶಪುರದ ಕಡೆ ಕಾಫಿ ತೋಟದ ಮನೆಯ ಅಂಗಳದಲ್ಲಿ. ಬೆಂಗಳೂರಲ್ಲಿ ಮಳೆಯ ಅಂಕಿ ಎರಡು ಮಿಲಿಮೀಟರ್ ಆಚೀಚೆ ಆದರೆ ಯಾರೂ ಕೇಳಲ್ಲ. ತೋಟದಲ್ಲಿ ಹಾಗಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಬೀಳೋ ಹೂಮಳೆ ಕಾಫಿ ಗಿಡಕ್ಕೆ ಜೀವ. ಮಳೆ ಸಾಲದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕು. ಅದಕ್ಕೆ ಕೆರೆಯಲ್ಲಿ ನೀರು, ಮೋಟರಿಗೆ ಡೀಸೆಲ್ಲೋ ಕರೆಂಟೋ ಬೇಕು. ಕಾಫಿ ಬೆಳೆಗಾರರು ಇವತ್ತಿಗೂ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳೋದು. 100 ಸೆಂಟ್ ಅಂದ್ರೆ ಒಂದು ಇಂಚು, ಅಂದರೆ 25.4 ಮಿ.ಮೀ. ಮಳೆಮಾಪಕ ನೂರಕ್ಕೆ 20ರಷ್ಟು ಕಡಿಮೆ ತೋರಿಸ್ತಿದ್ದರೆ ಪೂರ್ತಿ ಒಂದಿಂಚು ಬಿದ್ದ ಮಳೆ 80 ಸೆಂಟ್ ಅಂತ ದಾಖಲಾಗುತ್ತೆ. ಆ 20 ಸೆಂಟಿಗಾಗಿ ಬೇಡದಿದ್ದ ಮೋಟರು ಓಡುತ್ತೆ.

ಇನ್ನೂ ದೊಡ್ಡ ಮಟ್ಟದಲ್ಲಿ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಪರಿಹಾರ ಬರುತ್ತೋ ಇಲ್ಲವೋ, ಬಂದರೆ ಎಷ್ಟು ಅನ್ನೋದು ಹವಾಮಾನದ ಅಂಕಿಯ ಮೇಲೆಯೇ ತೀರ್ಮಾನ ಆಗುತ್ತೆ. ಅಂದರೆ ಒಂದು ಆಲಿಕೆಯಲ್ಲಿ ಸಿಕ್ಕಿಕೊಂಡ ಎಲೆ ಒಂದು ಊರಿನ ಹಣದ ಪ್ರಶ್ನೆ ಆಗಬಹುದು. ನಾಳೆ ಇಂಥ ಉಪಕರಣಗಳನ್ನು ಮಾಡೋರು, ರಿಪೇರಿ ಮಾಡೋರು ನಾವೇ ತಾನೆ? ಅದಕ್ಕೆ ಮನೆಯ ಚಿಕ್ಕ ಕೇಂದ್ರದಲ್ಲೇ ಕೈ ಪಳಗಲಿ.

ಮೊದಲು ಮೂರು ಮಾತು

ತಪ್ಪುಗಳಲ್ಲಿ ಮೂರು ಜಾತಿ. ಒಂದು, ಆಫ್‌ಸೆಟ್: ಗೋಡೆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದೆ ಇದ್ದ ಹಾಗೆ, ಎಲ್ಲ ಅಂಕಿಯೂ ಒಂದೇ ಅಳತೆಯಷ್ಟು ಹೆಚ್ಚು ಅಥವಾ ಕಡಿಮೆ. ಎರಡು, ಗೇನ್: ಅಳತೆ ದೊಡ್ಡದಾದಷ್ಟೂ ತಪ್ಪೂ ದೊಡ್ಡದಾಗೋದು. ಮೂರು, ಡ್ರಿಫ್ಟ್: ಇವತ್ತು ಸರಿ ಇದ್ದದ್ದು ತಿಂಗಳುಗಳು ಕಳೆದ ಹಾಗೆ ನಿಧಾನವಾಗಿ ಜಾರೋದು. ಆಫ್‌ಸೆಟ್ ಹಿಡಿಯೋಕೆ ಒಂದು ಸಾಕ್ಷಿ ಸಾಕು. ಗೇನ್ ಹಿಡಿಯೋಕೆ ಎರಡು ಬೇಕು. ಡ್ರಿಫ್ಟ್ ಹಿಡಿಯೋಕೆ ಸಾಕ್ಷಿಯ ಜೊತೆ ಒಂದು ನೋಟ್‌ಬುಕ್ಕೂ ಬೇಕು. ಅದರ ಮಾತು ಆಮೇಲೆ.

ಡೇಟಾಶೀಟನ್ನೂ ಒಮ್ಮೆ ಓದಿ. ಅಗ್ಗದ ಡಿಎಚ್‌ಟಿ11 ಉಷ್ಣಾಂಶದಲ್ಲಿ 2 ಡಿಗ್ರಿ, ತೇವಾಂಶದಲ್ಲಿ ಶೇ. 5 ಆಚೀಚೆ ಆಗಬಹುದು ಅಂತ ತಯಾರಕರೇ ಹೇಳ್ತಾರೆ. ಬಿಎಂಇ280ರಲ್ಲಿ ತೇವಾಂಶಕ್ಕೆ ಶೇ. 3, ಒತ್ತಡಕ್ಕೆ 1 ಹೆಕ್ಟೊಪಾಸ್ಕಲ್. ಇದು ಹೊಸ ಸೆನ್ಸರಿನ ಮಾತು. ಮೂರು ಮಳೆಗಾಲ ಕಂಡ ಸೆನ್ಸರಿನದ್ದಲ್ಲ.

ಉಷ್ಣಾಂಶ: ಐಸಿನ ಸಾಕ್ಷಿ

ಇಲ್ಲಿ ಕ್ಯಾಲಿಬ್ರೇಶನ್‌ಗಿಂತ ಮೊದಲು ಜಾಗ ಸರಿಯಾಗಬೇಕು. ನಾವು ಅಳೀಬೇಕಿರೋದು ಗಾಳಿಯ ಬಿಸಿ. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಡಬ್ಬಿಯ ಬಿಸಿ ಅಲ್ಲ. ಹವಾಮಾನ ಕೇಂದ್ರಗಳಲ್ಲಿ ಕಾಣೋ ಬಿಳಿ ಪಟ್ಟಿಗಳ ಮರದ ಪೆಟ್ಟಿಗೆಗೆ ಸ್ಟೀವನ್‌ಸನ್ ಪೆಟ್ಟಿಗೆ ಅಂತ ಹೆಸರು. ಅದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್, ಕಾದಂಬರಿಕಾರ ಆರ್.ಎಲ್. ಸ್ಟೀವನ್‌ಸನ್ ಅವರ ತಂದೆ. ಬಿಸಿಲು ತಾಗಬಾರದು, ಗಾಳಿ ಓಡಾಡಬೇಕು – ಇದಿಷ್ಟೇ ಸೂತ್ರ. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಸಂದು ಬಿಟ್ಟು ಉದ್ದ ಬೋಲ್ಟಿಗೆ ಪೋಣಿಸಿದರೆ ಮನೆಯಲ್ಲೇ ಅಂಥದ್ದೊಂದು ಗೂಡು ಆಗುತ್ತೆ.

ಉತ್ತರ ಗೋಳಾರ್ಧದಲ್ಲಿ ಪೆಟ್ಟಿಗೆಯ ಬಾಗಿಲು ಉತ್ತರಕ್ಕಿರಲಿ, ಆ ಕಡೆ ಬಿಸಿಲು ಬರಲ್ಲ ಅಂತ ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಇದು ಅರ್ಧ ಸತ್ಯ. ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಇಲ್ಲಿ ಶೂನ್ಯ ನೆರಳಿನ ದಿನ ಬರುತ್ತೆ. ಆ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ‘ಉತ್ತರದ ಗೋಡೆ ನೆರಳು’ ಅಂತ ಸೆನ್ಸರನ್ನು ಅಲ್ಲಿ ಬರಿದೇ ತೂಗುಹಾಕೋ ಹಾಗಿಲ್ಲ. ನಾಲ್ಕು ಕಡೆಗೂ ಮರೆ ಬೇಕು.

ಗೂಡು ಸಾಕಾ ಅಂತ ನೋಡೋಕೆ ಒಂದು ಸುಲಭ ಪರೀಕ್ಷೆ ಇದೆ. ಗಾಳಿ ಆಡದ, ಬಿಸಿಲು ಜೋರಿರೋ ಮಧ್ಯಾಹ್ನ ಹಳೇ ಕಂಪ್ಯೂಟರಿನ ಚಿಕ್ಕ ಫ್ಯಾನನ್ನು ಗೂಡಿನೊಳಗೆ ಗಾಳಿ ಹಾಯೋ ಹಾಗೆ ಹದಿನೈದು ನಿಮಿಷ ಓಡಿಸಿ. ಅಂಕಿ ಒಂದು-ಎರಡು ಡಿಗ್ರಿ ಇಳಿದರೆ ಅಷ್ಟೂ ಬಿಸಿಲಿನ ಸುಳ್ಳು. ಬೋರ್ಡಿನದ್ದೇ ಬಿಸಿಯೂ ಇದೆ. ವೈಫೈ ಓಡಿಸೋ ಇಎಸ್‌ಪಿ32 ಪಕ್ಕದಲ್ಲೇ ಸೆನ್ಸರ್ ಕೂರಿಸಿದರೆ ಅದು ಬೋರ್ಡಿನ ಜ್ವರ ಅಳೆಯುತ್ತೆ. ಒಂದು ಅಡಿ ವೈರ್ ಎಳೆದು ದೂರ ಇಡಿ.

ಈಗ ಐಸು. ಕರಗುತ್ತಿರೋ ಐಸು-ನೀರಿನ ಉಷ್ಣಾಂಶ 0 ಡಿಗ್ರಿ ಸೆಲ್ಸಿಯಸ್. ಬೆಂಗಳೂರಲ್ಲೂ ಅಷ್ಟೇ, ಮಂಗಳೂರಲ್ಲೂ ಅಷ್ಟೇ. ಫಿಲ್ಟರ್ ನೀರಿನ ಐಸನ್ನು ಕುಟ್ಟಿ ಪುಡಿ ಮಾಡಿ, ಥರ್ಮಾಸ್ ಫ್ಲಾಸ್ಕಿಗೆ ತುಂಬಿ, ಸಂದು ಮುಚ್ಚೋವಷ್ಟು ಮಾತ್ರ ತಣ್ಣೀರು ಹಾಕಿ. ಬಿಎಂಇ280 ನೀರಿಗೆ ಇಳಿಯೋ ಸೆನ್ಸರ್ ಅಲ್ಲ. ಅದಕ್ಕೆ ಮಧ್ಯಸ್ಥಿಕೆಗೆ ಸ್ಟೀಲ್ ಕೊಳವೆಯ ಡಿಎಸ್18ಬಿ20 ತಗೊಳ್ಳಿ. ಅದನ್ನು ಐಸಿನ ನಡುವೆ, ಫ್ಲಾಸ್ಕಿನ ಗೋಡೆಗೆ ತಾಗದ ಹಾಗೆ ಹತ್ತು ನಿಮಿಷ ಇಟ್ಟು ಆಗಾಗ ಕಲಕಿ. 0.4 ಅಂತ ತೋರಿಸಿದರೆ ಅದರ ಆಫ್‌ಸೆಟ್ 0.4. ಎರಡನೇ ಸಾಕ್ಷಿಗೆ ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ಇದೆ. ಚಿಕ್ಕ ವ್ಯಾಪ್ತಿಯಲ್ಲಿ ಅದು ನಮ್ಮ ಸೆನ್ಸರಿಗಿಂತ ನಿಖರ. 38 ಡಿಗ್ರಿ ಆಸುಪಾಸಿನ ಉಗುರುಬೆಚ್ಚನೆ ನೀರಲ್ಲಿ ಎರಡನ್ನೂ ಜೊತೆಗೆ ಅದ್ದಿ, ಕಲಕುತ್ತಾ ಓದಿ. ಹೀಗೆ ತಾಳೆಯಾದ ಸ್ಟೀಲ್ ಕೊಳವೆಯನ್ನು ಗೂಡಿನೊಳಗೆ ಬಿಎಂಇ280 ಪಕ್ಕದಲ್ಲಿ ಎರಡು ದಿನ ಇಟ್ಟರೆ ಕೆಲಸ ಮುಗೀತು.

ಕುದಿಯೋ ನೀರು 100 ಡಿಗ್ರಿ ಅಂತ ಅದನ್ನು ಸಾಕ್ಷಿಗೆ ಕರೀಬೇಡಿ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿರೋ ಬೆಂಗಳೂರಲ್ಲಿ ನೀರು ಕುದಿಯೋದು 97 ಡಿಗ್ರಿ ಹತ್ತಿರ. ಅದೂ ಅಲ್ಲದೆ ನಮ್ಮ ಹವೆ ಯಾವತ್ತೂ ಅಲ್ಲಿಗೆ ಹೋಗಲ್ಲ. ಅಳೆಯೋ ವ್ಯಾಪ್ತಿಯಲ್ಲೇ ತಾಳೆ ನೋಡಬೇಕು.

ತೇವಾಂಶ: ಉಪ್ಪಿನ ಸಾಕ್ಷಿ

ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡೋದನ್ನು ಎಲ್ಲರೂ ನೋಡಿರ್ತೀರಿ. ಅದರ ಹಿಂದಿರೋ ವಿಜ್ಞಾನವೇ ಇಲ್ಲಿ ನಮ್ಮ ಸಹಾಯಕ್ಕೆ ಬರೋದು. ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪು ಇಟ್ಟರೆ ಒಳಗಿನ ಗಾಳಿಯ ತೇವಾಂಶ ಸುಮಾರು ಶೇ. 75ಕ್ಕೆ ಬಂದು ನಿಲ್ಲುತ್ತೆ. 25 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ 75.3, 20ರಿಂದ 30 ಡಿಗ್ರಿ ನಡುವೆ ಅದು ಅಲುಗಾಡೋದೇ ಇಲ್ಲ ಅನ್ನಬಹುದು. ತೇವ ಹೆಚ್ಚಾದರೆ ಉಪ್ಪು ಹೀರುತ್ತೆ, ಕಡಿಮೆಯಾದರೆ ಬಿಟ್ಟುಕೊಡುತ್ತೆ.

ಮಾಡೋದು ಹೀಗೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಹನಿಹನಿಯಾಗಿ ನೀರು ಹಾಕಿ. ಒದ್ದೆ ಮರಳಿನ ಹದ ಬರಬೇಕು. ಉಪ್ಪು ಪೂರ್ತಿ ಕರಗಿ ನೀರಾದರೆ ಪ್ರಯೋಗ ಕೆಟ್ಟಿತು. ಗಾಳಿ ಆಡದ ಚಿಕ್ಕ ಡಬ್ಬಿಯಲ್ಲಿ ಇದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದ ಹಾಗೆ ಇಟ್ಟು, ವೈರ್ ಹೊರಬರೋ ಸಂದನ್ನು ಟೇಪಿನಿಂದ ಮುಚ್ಚಿ, ಬಿಸಿಲು ಬೀಳದ ಕೋಣೆಯಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗ್ರಾಫ್ ಸಮತಟ್ಟಾಗಿರಬೇಕು. ಅದು 79ರಲ್ಲಿ ನಿಂತಿದ್ದರೆ ಸೆನ್ಸರ್ ನಾಲ್ಕರಷ್ಟು ಹೆಚ್ಚು ಹೇಳ್ತಿದೆ ಅಂತ ಅರ್ಥ. ಎರಡನೇ ಸಾಕ್ಷಿ ಬೇಕಿದ್ದರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೇಳಿ ನೋಡಿ. ಅದು ಶೇ. 33ರಲ್ಲಿ ನಿಲ್ಲಿಸುತ್ತೆ.

ತೇವಾಂಶದ ಸೆನ್ಸರ್ ಎಲ್ಲಕ್ಕಿಂತ ಸೂಕ್ಷ್ಮ, ಬೇಗ ಹಾಳಾಗೋದೂ ಅದೇ. ಒಳಗಿರೋದು ತೇವ ಹೀರೋ ತೆಳು ಪದರ. ಅದರ ಮೇಲೆ ಧೂಳು, ಅಗರಬತ್ತಿ ಹೊಗೆ, ಪೇಂಟಿನ ಆವಿ ಕೂತರೆ ಅದು ಸರಿಯಾಗಿ ಉಸಿರಾಡಲ್ಲ. ಅದರ ಪುಟ್ಟ ರಂಧ್ರವನ್ನು ಬೆರಳಲ್ಲಿ ಉಜ್ಜಬಾರದು, ಸ್ಪಿರಿಟ್ ಹಾಕಿ ಒರೆಸಬಾರದು. ಬೋರ್ಡಿಗೆ ನೀರು ತಾಗದಿರಲಿ ಅಂತ ವಾರ್ನಿಷ್ ಬಳಿಯೋರು ಆ ರಂಧ್ರವನ್ನು ಮಾತ್ರ ಬಿಡಿ. ಮಲೆನಾಡಿನ ಜುಲೈನಲ್ಲಿ ದಿನಗಟ್ಟಲೆ ಶೇ. 100ರ ಹತ್ತಿರ ಇದ್ದ ಸೆನ್ಸರ್, ಬಿಸಿಲು ಬಂದ ಮೇಲೂ ಸ್ವಲ್ಪ ದಿನ ಹೆಚ್ಚೇ ತೋರಿಸಬಹುದು. ಅದಕ್ಕೇ ಉಪ್ಪಿನ ಪರೀಕ್ಷೆ ವರ್ಷಕ್ಕೆ ಎರಡು ಸಲ: ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ.

ಒತ್ತಡ: ವಿಮಾನ ನಿಲ್ದಾಣದ ಸಾಕ್ಷಿ

ಬೆಂಗಳೂರಿನ ಟೆರೇಸ್ ಮೇಲೆ ಸೆನ್ಸರ್ 908 ಹೆಕ್ಟೊಪಾಸ್ಕಲ್ ತೋರಿಸುತ್ತೆ, ಟಿವಿಯಲ್ಲಿ 1013 ಅಂತಾರೆ. ಎರಡೂ ಸರಿಯೇ ಇರಬಹುದು. ಟಿವಿಯವರದ್ದು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ. ಸೆನ್ಸರಿನ ಅಂಕಿಯನ್ನು, 1ರಿಂದ ‘ಎತ್ತರ ಭಾಗಿಸು 44330’ ಕಳೆದು ಅದರ 5.255ನೇ ಘಾತ ತೆಗೆದು, ಅದರಿಂದ ಭಾಗಿಸಿದರೆ ಸಮುದ್ರ ಮಟ್ಟದ ಒತ್ತಡ ಸಿಗುತ್ತೆ. 920 ಮೀಟರ್ ಎತ್ತರದಲ್ಲಿ 908 ಅಂದ್ರೆ ಕೆಳಗೆ ಸುಮಾರು 1013.8.

ತಾಳೆ ನೋಡೋಕೆ ವಿಮಾನ ನಿಲ್ದಾಣಗಳು ಅರ್ಧ ಗಂಟೆಗೊಮ್ಮೆ ಹೊರಡಿಸೋ ಮೆಟಾರ್ ವರದಿ ಇದೆ. ಅದರಲ್ಲಿ ಕ್ಯೂ ಅಕ್ಷರದ ಮುಂದೆ ಬರೋ ನಾಲ್ಕು ಅಂಕಿಯೇ ಸಮುದ್ರ ಮಟ್ಟಕ್ಕೆ ಇಳಿಸಿದ ಒತ್ತಡ. ಇಲ್ಲಿ ಒಂದು ಸೂಕ್ಷ್ಮ ಇದೆ: ವರದಿಯಲ್ಲಿ ದಶಮಾಂಶ ಇರಲ್ಲ, ಅದನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸಿರ್ತಾರೆ. 1014.1 ಇದ್ದರೂ 1014, 1014.9 ಇದ್ದರೂ 1014. ಹಾಗಾಗಿ ಒಂದೇ ಸಲ ನೋಡಿ ಆಫ್‌ಸೆಟ್ ಬರೆದರೆ ಒಂದು ಹೆಕ್ಟೊಪಾಸ್ಕಲ್ ತನಕ ಆಚೀಚೆ ಆಗಬಹುದು. ಗಾಳಿ ಹೆಚ್ಚಿಲ್ಲದ ಎರಡು-ಮೂರು ದಿನ, ಇಪ್ಪತ್ತು ಸಲ ಹೋಲಿಸಿ, ವರದಿಯ ಅಂಕಿಗೆ ಅರ್ಧ ಸೇರಿಸಿ ಸರಾಸರಿ ತೆಗೀರಿ. ಎತ್ತರವನ್ನು ಫೋನಿನ ಜಿಪಿಎಸ್ ನಂಬಿ ಹಾಕಬೇಡಿ. ಒಂಬತ್ತು ಮೀಟರ್ ತಪ್ಪಿದರೆ ಒಂದು ಹೆಕ್ಟೊಪಾಸ್ಕಲ್ ತಪ್ಪಿದ ಹಾಗೆ.

ಸಕಲೇಶಪುರದ ಹತ್ತಿರ ವಿಮಾನ ನಿಲ್ದಾಣ ಇಲ್ಲವಲ್ಲ, ಆಗೇನು ಮಾಡೋದು? ಜೊತೆಗಿಟ್ಟು ನೋಡೋದು. ತೋಟಕ್ಕೆ ಹೋಗಬೇಕಿರೋ ಸೆನ್ಸರನ್ನು ಮೊದಲು ಒಂದು ವಾರ ಬೆಂಗಳೂರಿನ ಸೆನ್ಸರಿನ ಪಕ್ಕದಲ್ಲೇ ಓಡಿಸಿ, ವ್ಯತ್ಯಾಸ ಬರೆದಿಟ್ಟು, ಆಮೇಲೆ ಕಳಿಸೋದು. ಇದು ಎಲ್ಲ ಸೆನ್ಸರುಗಳಿಗೂ ಒಪ್ಪುತ್ತೆ.

ಇನ್ನೊಂದು ಸಾಕ್ಷಿ ಆಕಾಶದಲ್ಲೇ ಇದೆ. ನಮ್ಮ ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಏರು, ನಸುಕಿನ ಮತ್ತು ಸಂಜೆ ನಾಲ್ಕರ ಹೊತ್ತಿಗೆ ಇಳಿವು. ನಡುವಿನ ಅಂತರ ಕೆಲವೇ ಹೆಕ್ಟೊಪಾಸ್ಕಲ್. ವಾತಾವರಣಕ್ಕೂ ಸಮುದ್ರದ ಹಾಗೆ ಭರತ-ಇಳಿತ ಇದೆ ಅಂತ ಗ್ರಾಫಿನಲ್ಲಿ ಕಣ್ಣಾರೆ ಕಾಣುತ್ತೆ. ಶಾಂತವಾದ ದಿನದಲ್ಲೂ ಈ ಎರಡು ಅಲೆ ಕಾಣದಿದ್ದರೆ ಸೆನ್ಸರಿಗೋ ಕೋಡಿಗೋ ಏನೋ ಆಗಿದೆ ಅಂತ ತಿಳೀರಿ.

ಮಳೆ: ತಕ್ಕಡಿಯ ಸಾಕ್ಷಿ

ಮನೆಗಳಲ್ಲಿ ಬಳಸೋ ಮಳೆಮಾಪಕದೊಳಗೆ ಏತದ ಹಾಗೆ ಆಡೋ ಎರಡು ಪುಟ್ಟ ಬಕೆಟ್ಟುಗಳಿರ್ತವೆ. ಒಂದು ತುಂಬಿದರೆ ವಾಲಿ ಚೆಲ್ಲುತ್ತೆ, ಇನ್ನೊಂದು ಮೇಲೆ ಬರುತ್ತೆ. ಪ್ರತಿ ವಾಲಿಕೆಗೂ ಒಂದು ಆಯಸ್ಕಾಂತ ರೀಡ್ ಸ್ವಿಚ್ಚನ್ನು ತಟ್ಟುತ್ತೆ, ಕೋಡು ಒಂದು ಎಣಿಸುತ್ತೆ. ಅಗ್ಗದ ಮಾಪಕಗಳಲ್ಲಿ ಸಾಮಾನ್ಯವಾಗಿ ಒಂದು ವಾಲಿಕೆಗೆ 0.2794 ಮಿ.ಮೀ. ಅಂತ ಬರೆದಿರುತ್ತೆ. ಅದು ಒಂದು ಇಂಚಿನ ಸಾವಿರದ ಹನ್ನೊಂದು ಭಾಗ.

ಈ ಅಂಕಿಯನ್ನು ಪರೀಕ್ಷಿಸೋಕೆ ಬೇಕಾಗಿರೋದು ಹೈಸ್ಕೂಲಿನ ಗಣಿತ ಅಷ್ಟೇ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಒಂದು ಮಿ.ಮೀ. ಮಳೆ. ಆಲಿಕೆಯ ಬಾಯಿ ಒಳ ಅಂಚಿನಿಂದ 11 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಇದ್ದರೆ 55 ಚದರ ಸೆಂ.ಮೀ. ಅದಕ್ಕೆ ಒಂದು ಮಿ.ಮೀ. ಮಳೆ ಅಂದ್ರೆ 5.5 ಮಿ.ಲೀ. ಈಗ ಅಡುಗೆಮನೆ ತಕ್ಕಡಿಯಲ್ಲಿ 300 ಗ್ರಾಂ ನೀರು ತೂಗಿ. 300 ಗ್ರಾಂ ಅಂದ್ರೆ 300 ಮಿ.ಲೀ., ಅಂದ್ರೆ 54.5 ಮಿ.ಮೀ. ಮಳೆ. ಇದನ್ನು ನಿಧಾನವಾಗಿ ಹನಿಸಬೇಕು. ಮೆಡಿಕಲ್ ಶಾಪಿನಲ್ಲಿ ಸಿಗೋ ಡ್ರಿಪ್ ಸೆಟ್ಟು ಇದಕ್ಕೆ ಹೇಳಿ ಮಾಡಿಸಿದ ಸಾಧನ. ಚಕ್ರ ತಿರುಗಿಸಿ ನಿಮಿಷಕ್ಕೆ 50 ಹನಿಯಷ್ಟಿಟ್ಟರೆ ಸುಮಾರು ಎರಡು ಗಂಟೆಯಲ್ಲಿ ಖಾಲಿಯಾಗುತ್ತೆ. ಕಂಪನಿಯ ಅಂಕಿ ಸರಿಯಿದ್ದರೆ 195 ವಾಲಿಕೆ ಬರಬೇಕು. 180 ಬಂತು ಅಂದ್ಕೊಳ್ಳಿ. 54.5ನ್ನು 180ರಿಂದ ಭಾಗಿಸಿದರೆ 0.303. ನಿಮ್ಮ ಮಾಪಕದ ಅಸಲಿ ಅಂಕಿ ಇದು. ಹಳೇದನ್ನೇ ಬಳಸಿದರೆ ಮಳೆ ನೂರಕ್ಕೆ ಎಂಟರಷ್ಟು ಕಡಿಮೆ ಕಾಣುತ್ತೆ. ಮೂರು ಸಲ ಮಾಡಿ ಸರಾಸರಿ ಹಾಕಿ. ಪರೀಕ್ಷೆ ಮಾಡುವಾಗ ದಾಖಲಾತಿ ನಿಲ್ಲಿಸಿ. ಇಲ್ಲಾಂದ್ರೆ ಬಿರುಬೇಸಿಗೆಯಲ್ಲಿ 54 ಮಿ.ಮೀ. ಮಳೆ ಬಂದ ದಾಖಲೆ ಉಳಿದುಬಿಡುತ್ತೆ.

ಎರಡು ತಪ್ಪುಗಳಿಗೆ ಗಮನ ಕೊಡಿ. ಒಂದು, ಕೈಯಲ್ಲಿ ನಿಧಾನವಾಗಿ 50 ಸಲ ವಾಲಿಸಿದಾಗ ಕೋಡು 50ನ್ನೇ ಎಣಿಸಬೇಕು. ಸ್ವಿಚ್ಚಿನ ಕಂಪನದಿಂದ ಒಂದನ್ನು ಎರಡು ಅಂತ ಎಣಿಸಿದರೆ ಡಿಬೌನ್ಸ್ ಸಮಯ ಹೆಚ್ಚಿಸಬೇಕು. ಎರಡು, ಜಡಿಮಳೆ. ಗಂಟೆಗೆ 120 ಮಿ.ಮೀ. ವೇಗದಲ್ಲಿ ಸುರಿದರೆ ಎಂಟು ಸೆಕೆಂಡಿಗೊಮ್ಮೆ ಬಕೆಟ್ ವಾಲಬೇಕು. ವಾಲೋ ಆ ಕ್ಷಣದಲ್ಲೂ ನೀರು ಬೀಳ್ತಾನೇ ಇರುತ್ತೆ, ಅದು ಲೆಕ್ಕಕ್ಕೆ ಬರಲ್ಲ. ಅಂದರೆ ಮಳೆ ಜೋರಾದಷ್ಟೂ ಮಾಪಕ ಕಡಿಮೆ ಹೇಳುತ್ತೆ. ಡ್ರಿಪ್ ಪರೀಕ್ಷೆಯನ್ನು ನಿಧಾನ ಮತ್ತು ಜೋರು, ಎರಡೂ ವೇಗದಲ್ಲಿ ಮಾಡಿದರೆ ಈ ವ್ಯತ್ಯಾಸ ಸಿಗುತ್ತೆ.

ಇದು ಚಿಕ್ಕ ವಿಷಯ ಅನ್ನಿಸಬಹುದು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿ.ಮೀ. ದಾಟಿದರೆ ‘ಭಾರಿ ಮಳೆ’. ನಿಜವಾಗಿ 68 ಬಿದ್ದು, ಮಾಪಕ ಆರು ಪರ್ಸೆಂಟ್ ಕಡಿಮೆ ಹೇಳಿದರೆ ಬರೋದು 64. ಭಾರಿ ಮಳೆಯ ದಿನ ದಾಖಲೆಯಿಂದಲೇ ಜಾರಿಹೋಯ್ತು.

ಯಂತ್ರದ ಪಕ್ಕ ಯಂತ್ರವಲ್ಲದ ಒಂದು ಮಾಪಕವೂ ಇರಲಿ. ನೇರ ಗೋಡೆಯ ದೊಡ್ಡ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬೋರಲಾಗಿ ಆಲಿಕೆ ಮಾಡಿ ಕೂರಿಸಿ. ಒಳವ್ಯಾಸ 10 ಸೆಂ.ಮೀ. ಇದ್ದರೆ 1 ಮಿ.ಮೀ. ಮಳೆಗೆ 7.85 ಗ್ರಾಂ ನೀರು. ಬೆಳಿಗ್ಗೆ ಎಂಟೂವರೆಗೆ ತೂಗಿ ಬರೆದಿಡಿ. ನಮ್ಮ ದೇಶದಲ್ಲಿ ಮಳೆಯ ದಿನ ಲೆಕ್ಕಕ್ಕೆ ಬರೋದು ಎಂಟೂವರೆಯಿಂದ ಎಂಟೂವರೆಗೆ. ನಡುರಾತ್ರಿಯಿಂದ ಎಣಿಸಿದರೆ ಇಲಾಖೆಯ ಅಂಕಿಯ ಜೊತೆ ಹೊಂದೋದೇ ಇಲ್ಲ.

ಗಾಳಿ

1846ರಲ್ಲಿ ಐರ್ಲೆಂಡಿನ ರಾಬಿನ್‌ಸನ್ ಬಟ್ಟಲುಗಳ ಗಾಳಿಮಾಪಕವನ್ನು ವಿವರಿಸಿದಾಗ, ಬಟ್ಟಲು ಎಷ್ಟೇ ದೊಡ್ಡದಿರಲಿ, ಗಾಳಿಯ ವೇಗದ ಮೂರನೇ ಒಂದು ಭಾಗದಲ್ಲಿ ತಿರುಗುತ್ತೆ ಅಂತ ನಂಬಿದ್ದರು. ಹಾಗಿಲ್ಲ, ಅದು ಬಟ್ಟಲಿನ ಮತ್ತು ತೋಳಿನ ಅಳತೆಯ ಮೇಲೆ ನಿಂತಿದೆ ಅಂತ ಆಮೇಲೆ ಗೊತ್ತಾಯ್ತು. ನಮಗೆ ಇದರಲ್ಲಿ ಪಾಠ ಇದೆ: ಸೆಕೆಂಡಿಗೆ ಒಂದು ಪಲ್ಸ್ ಅಂದ್ರೆ ಗಂಟೆಗೆ 2.4 ಕಿ.ಮೀ. ಅಂತ ಕಿಟ್ಟಿನಲ್ಲಿ ಬರೆದಿದ್ದರೆ, ಅದು ಆ ಬಟ್ಟಲಿಗೆ ಮಾತ್ರ. ಮುರಿದದ್ದನ್ನು ತ್ರೀಡಿ ಪ್ರಿಂಟ್ ಮಾಡಿ ಬೇರೆ ಅಳತೆಯದ್ದು ಹಾಕಿದರೆ ಅಂಕಿಯೂ ಬದಲಾಗಬೇಕು. ಗಾಳಿ ಇಲ್ಲದ ಮುಂಜಾನೆ, ವಾಹನ ಓಡಾಡದ ರಸ್ತೆಯಲ್ಲಿ, ಕಾರಿನ ಮೇಲೆ ಉದ್ದ ಕೋಲಿಗೆ ಕಟ್ಟಿ 30 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು, ಎರಡರ ಸರಾಸರಿಯನ್ನು ಜಿಪಿಎಸ್ ವೇಗದ ಜೊತೆ ಹೋಲಿಸಬಹುದು. ಓಡಿಸೋರು ಒಬ್ಬರು, ಬರೆಯೋರು ಇನ್ನೊಬ್ಬರು ಇರಲಿ.

ಗಾಳಿಮಾಪಕದ ಶತ್ರು ಅಂದ್ರೆ ಬೇರಿಂಗಿನ ಧೂಳು. ಎಲೆ ಅಲ್ಲಾಡ್ತಿದೆ ಆದರೆ ಬಟ್ಟಲು ನಿಂತಿದೆ ಅಂದ್ರೆ ಬೇರಿಂಗ್ ಬಿಗಿಯಾಗಿದೆ. ಇದರಲ್ಲಿ ಜೋರು ಗಾಳಿಯ ಅಂಕಿ ಸರಿ ಇದ್ದ ಹಾಗೇ ಕಾಣುತ್ತೆ, ಮೆಲುಗಾಳಿ ಮಾತ್ರ ಸೊನ್ನೆ ಆಗುತ್ತೆ. ದಿಕ್ಕಿನ ಬಾಣಕ್ಕೆ ಉತ್ತರ ಹಿಡಿಯುವಾಗ ಟೆರೇಸ್ ಮೇಲೆ ದಿಕ್ಸೂಚಿ ನಂಬೋದು ಕಷ್ಟ. ಕಾಂಕ್ರೀಟಿನೊಳಗಿನ ಕಂಬಿಗಳು ಮುಳ್ಳನ್ನು ಎಳೆಯುತ್ತವೆ. ಉಪಗ್ರಹ ನಕ್ಷೆಯಲ್ಲಿ ಮನೆಯ ಗೋಡೆಯ ಕೋನ ನೋಡಿ ಜೋಡಿಸೋದೇ ವಾಸಿ.

ವರ್ಷದ ಪಂಚಾಂಗ

ಮಾರ್ಚ್ ಮೊದಲ ವಾರ: ಮಳೆಮಾಪಕ ಬಿಚ್ಚಿ ತೊಳೆದು ಡ್ರಿಪ್ ಪರೀಕ್ಷೆ. ತಿಂಗಳುಗಟ್ಟಲೆ ಒಣಗಿದ್ದ ಆಲಿಕೆಯಲ್ಲಿ ಜೇಡರ ಬಲೆ, ಕುಂಬಾರ ಹುಳದ ಮಣ್ಣಿನ ಗೂಡು, ಹಕ್ಕಿ ಹಿಕ್ಕೆ ಏನಾದರೂ ಇದ್ದೇ ಇರುತ್ತೆ. ಆಲಿಕೆಗೆ ಸ್ಟೀಲ್ ಜಾಲರಿ ಹಾಕಿ, ಗುಳ್ಳೆಮಟ್ಟ ಇಟ್ಟು ಸಮ ಮಾಡಿ. ಓರೆ ಕೂತ ಮಾಪಕದಲ್ಲಿ ಎರಡು ಬಕೆಟ್ಟುಗಳು ಸಮ ತೂಗಲ್ಲ.

ಮೇ ಕೊನೆ: ಉಪ್ಪಿನ ಪರೀಕ್ಷೆ, ಐಸಿನ ಪರೀಕ್ಷೆ. ಡಬ್ಬಿಯ ರಬ್ಬರ್ ಅಂಚು, ವೈರ್ ಒಳಹೋಗೋ ಸಂದು ನೋಡಿ. ವೈರನ್ನು ಕೆಳಗೆ ಕುಣಿಕೆ ಬರೋ ಹಾಗೆ ಬಾಗಿಸಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಹರಿಯಲ್ಲ.

ಮಳೆಗಾಲ: ವಾರಕ್ಕೊಮ್ಮೆ ಜಾಲರಿ ಮೇಲಿನ ಎಲೆ ತೆಗೀರಿ, ಬಾಟಲಿಯ ಜೊತೆ ಹೋಲಿಸಿ. ಮಳೆ ನಿಂತು ಗಂಟೆಗಟ್ಟಲೆ ಆದ ಮೇಲೂ ಒಂದೊಂದೇ ವಾಲಿಕೆ ಬರ್ತಿದ್ದರೆ ಆಲಿಕೆ ಕಟ್ಟಿಕೊಂಡು ನೀರು ಸೋರ್ತಿದೆ ಅಂತ ಅರ್ಥ. ಒಟ್ಟು ಅಂಕಿ ಸರಿ ಇದ್ದರೂ ಹೊತ್ತು ತಪ್ಪಾಗಿರುತ್ತೆ.

ಅಕ್ಟೋಬರ್-ನವೆಂಬರ್: ಗೂಡಿನ ತಟ್ಟೆಗಳ ಪಾಚಿ ಉಜ್ಜಿ ಮತ್ತೆ ಬಿಳಿ ಮಾಡಿ. ಬಣ್ಣ ಮಾಸಿದರೆ ಬಿಸಿಲು ಹೀರುತ್ತೆ. ಉಪ್ಪಿನ ಪರೀಕ್ಷೆ ಇನ್ನೊಮ್ಮೆ. ಜನವರಿಯ ಒಣಹವೆಯಲ್ಲಿ ಬೇರಿಂಗ್, ಒತ್ತಡ.

ನೋಟ್‌ಬುಕ್ಕು

ಇಷ್ಟು ಮಾಡಿಯೂ ಬರೆದಿಡದಿದ್ದರೆ ಶ್ರಮ ಎಲ್ಲ ನೀರಲ್ಲಿ ಹೋಮ. ಎರಡು ನಿಯಮ ಸಾಕು. ಮೊದಲನೆಯದು, ಸೆನ್ಸರ್ ಕೊಟ್ಟ ಮೂಲ ಅಂಕಿಯನ್ನು ಯಾವತ್ತೂ ತಿದ್ದಬಾರದು. ಅದನ್ನು ಹಾಗೇ ಇಟ್ಟು, ತಿದ್ದಿದ ಅಂಕಿಗೆ ಪಕ್ಕದಲ್ಲಿ ಬೇರೆ ಕಾಲಂ ಮಾಡಿ. ನಾಳೆ ಇನ್ನೂ ಒಳ್ಳೆ ಸಾಕ್ಷಿ ಸಿಕ್ಕರೆ ಹಿಂದಕ್ಕೆ ಹೋಗಿ ಲೆಕ್ಕ ಮಾಡಬಹುದು. ಎರಡನೆಯದು, ಮುಟ್ಟಿದ್ದನ್ನೆಲ್ಲ ತಾರೀಖು ಸಮೇತ ಬರೀರಿ: ಯಾವತ್ತು ತೊಳೆದದ್ದು, ಯಾವ ಸೆನ್ಸರ್ ಬದಲಾಯಿಸಿದ್ದು, ಪಕ್ಕದ ತೆಂಗಿನ ಮರ ಯಾವಾಗ ಕಡಿದದ್ದು. ಪ್ರತಿ ಪರೀಕ್ಷೆಯ ಆಫ್‌ಸೆಟ್ಟನ್ನು ಒಂದರ ಕೆಳಗೊಂದು ಬರೆದರೆ ಡ್ರಿಫ್ಟ್ ತಾನೇ ಕಾಣುತ್ತೆ. 75.3 ಇರಬೇಕಾದ್ದು ಮೊದಲ ವರ್ಷ 76, ಆಮೇಲೆ 78, ಆಮೇಲೆ 81 ಅಂತ ಏರ್ತಿದ್ದರೆ ಆ ಸೆನ್ಸರಿಗೆ ನಿವೃತ್ತಿ ಕೊಡೋ ಕಾಲ ಬಂತು.

ಮನೆಯ ಕೇಂದ್ರದ ಅಂಕಿ ತೋರಿಸಿ ವಿಮೆ ಪರಿಹಾರ ಕೇಳೋಕಾಗಲ್ಲ, ಅದು ನಿಜ. ಆದರೆ ಪಂಚಾಯಿತಿಯ ಮಾಪಕ ಸೊನ್ನೆ ಅಂದ ದಿನ ನಿಮ್ಮ ಅಂಗಳದಲ್ಲಿ 40 ಮಿ.ಮೀ. ಬಿದ್ದಿದ್ದರೆ, ಅದನ್ನು ಪರೀಕ್ಷಿಸಿ ಅಂತ ಕೇಳೋಕೆ ಒಂದು ಆಧಾರ ಬೇಕಲ್ಲ? ‘ನಮ್ಮಲ್ಲಿ ಜೋರು ಮಳೆ ಬಂತು ಸಾರ್’ ಅನ್ನೋದು ಒಂದು ಮಾತು. ಮಾಪಕದ ಅಳತೆ, ಕೊನೆಯ ಬಾರಿ ತಾಳೆ ನೋಡಿದ ತಾರೀಖು, ಬಾಟಲಿಯಲ್ಲಿ ತೂಗಿದ ನೀರಿನ ಲೆಕ್ಕ, ಈ ಮೂರನ್ನೂ ಮೇಜಿನ ಮೇಲೆ ಇಡೋದು ಬೇರೆಯೇ ಮಾತು. ಮೊದಲನೆಯದಕ್ಕೆ ತಲೆಯಾಡಿಸಿ ಕಳಿಸಬಹುದು. ಎರಡನೆಯದಕ್ಕೆ ಉತ್ತರ ಕೊಡಬೇಕಾಗುತ್ತೆ.

ಆದ್ದರಿಂದ ನಿಮ್ಮ ಹಾಸ್ಟೆಲ್ಲಿನ ಅಥವಾ ಮನೆಯ ಟೆರೇಸ್ ಮೇಲೆ ಈಗಾಗಲೇ ಒಂದು ಕೇಂದ್ರ ಇದ್ದರೆ ಈ ವಾರಾಂತ್ಯ ಹೊಸ ಸೆನ್ಸರ್ ಕೊಳ್ಳಬೇಡಿ. ಒಂದು ಮುಚ್ಚಳ ಉಪ್ಪು ಒದ್ದೆ ಮಾಡಿ, ಇರೋ ಸೆನ್ಸರನ್ನು ಅದರ ಜೊತೆ ಡಬ್ಬಿಯಲ್ಲಿ ಮಲಗಿಸಿ. ಬೆಳಿಗ್ಗೆ ಎದ್ದು ಅಂಕಿ ನೋಡಿ, ತಾರೀಖು ಹಾಕಿ ಬರೆದಿಡಿ.